ಹುಂಜದ ತಟ್ಟೆ

ಆ ಮೀನನ್ನು ವಿನಾರ್ನಿ ಗುರುತು ಹಿಡಿದದ್ದು ಸೆಮರಾಂಗ್ ನಗರದ ಸಭಾಂಗಣದಲ್ಲಿ, ಗೋಡೆಯ ಮೇಲೆ ಅದು ಆಳೆತ್ತರದ ಚಿತ್ರವಾಗಿ ಬಿದ್ದಾಗ. ಅಲ್ಲಿಯವರೆಗೆ ಅವತ್ತಿನ ದಿನ ಹೂವೆತ್ತಿದಂತೆ ಸಾಗಿತ್ತು. ಇಲ್ಲಿನ ವಿಶ್ವವಿದ್ಯಾಲಯಕ್ಕೂ ಜಪಾನಿನದೊಂದು ವಿಶ್ವವಿದ್ಯಾಲಯಕ್ಕೂ ನಡುವೆ ಮೂರು ವರ್ಷದಿಂದ ನಡೆದುಬಂದ ಸಂಶೋಧನಾ ವಿನಿಮಯದ ಕೊನೆಯ ಸಭೆ ಅದು. ರಫ್ತು ವ್ಯಾಪಾರ ಬೆಳೆದ ಹಾಗೆಲ್ಲ ಕರಾವಳಿಯ ಜನರ ಬದುಕು ಏನಾಗುತ್ತದೆ ಅನ್ನುವುದು ವಿಷಯ. ವಿಷಯವೇನೋ ದೊಡ್ಡದು, ಆದರೆ ಅದರ ಜೀವ ಇದ್ದದ್ದು ಅರ್ಥಶಾಸ್ತ್ರದ ಉಪನ್ಯಾಸಕಿ ವಿನಾರ್ನಿಗೆ ಹೊಳೆದ ಒಂದು ಸಣ್ಣ ಉಪಾಯದಲ್ಲಿ.

ಉಪಾಯ ಇಷ್ಟೇ. ಹಳ್ಳಿಯವರನ್ನು ನಿಮ್ಮ ಆದಾಯ ಎಷ್ಟು ಅಂತ ಕೇಳಬೇಡಿ. ಕೇಳಿದರೆ ಯಾರು ತಾನೇ ನಿಜ ಹೇಳುತ್ತಾರೆ? ಪರಿಹಾರ ಸಿಕ್ಕೀತು ಅಂತ ಒಬ್ಬ ಕಮ್ಮಿ ಹೇಳುತ್ತಾನೆ, ಪಕ್ಕದ ಮನೆಯವನು ಕೇಳಿಸಿಕೊಂಡಾನು ಅಂತ ಇನ್ನೊಬ್ಬ ಜಾಸ್ತಿ ಹೇಳುತ್ತಾನೆ. ಅದರ ಬದಲು ಊಟದ ಹೊತ್ತಿಗೆ ಹೋಗಿ ತಟ್ಟೆ ನೋಡಿ. ಕೊಳದಲ್ಲಿ ಮೀನು ಸಾಕಿ ಬದುಕುವ ಊರಿನಲ್ಲಿ ತಟ್ಟೆಯ ಮೇಲೆ ಮೀನಿದ್ದರೆ ಕೊಳ ಉಳಿದಿದೆ ಅಂತ, ಇಲ್ಲದಿದ್ದರೆ ಸಮುದ್ರ ನುಂಗಿತು ಅಂತ. ಜಪಾನಿನಿಂದ ಬಂದಿದ್ದ ಪ್ರೊಫೆಸರ್ ಹಿರಬಯಾಶಿಯವರಿಗೆ ಇದು ಎಷ್ಟು ಹಿಡಿಸಿತೆಂದರೆ, ಅವರೇ ಅದಕ್ಕೆ ‘ತಟ್ಟೆ ಸೂಚ್ಯಂಕ’ ಎಂದು ಹೆಸರಿಟ್ಟರು. ಬರುವ ವರ್ಷ ವಿನಾರ್ನಿ ಜಪಾನಿಗೆ ಹೋಗಿ ಇದರ ಮೇಲೆ ಕೆಲಸ ಮಾಡುವುದೆಂದೂ ಹೆಚ್ಚುಕಮ್ಮಿ ನಿಶ್ಚಯವಾಗಿತ್ತು.

ಕಾಗದದ ಮೇಲಿನ ಆಟವಾಗಿದ್ದರೆ ಹೋಗಲಿ ಅನ್ನಬಹುದಿತ್ತು. ಆಗಿರಲಿಲ್ಲ. ಕರಾವಳಿಯ ಉದ್ದಕ್ಕೂ ಎದ್ದ ಬೂಟು ಕಾರ್ಖಾನೆ, ಬಟ್ಟೆ ಕಾರ್ಖಾನೆಗಳು ಹಗಲೂ ರಾತ್ರಿ ಕೊಳವೆ ಬಾವಿಯಿಂದ ನೀರೆತ್ತಿ ಎತ್ತಿ, ನೆಲವೇ ಕುಸಿದು, ಸಮುದ್ರ ಒಳಗೆ ಬಂದಿತ್ತು. ರಫ್ತು ಮಾಡುವವರ ಮೇಲೆ ಒಂದು ತೆರಿಗೆ ಹಾಕಿ, ಬದುಕು ಕಳೆದುಕೊಂಡ ಹಳ್ಳಿಗಳನ್ನು ಒಳನಾಡಿಗೆ ಸಾಗಿಸುವುದೆಂದು ಪ್ರಾಂತ್ಯ ಸರ್ಕಾರದವರು ಯೋಚಿಸಿದ್ದರು. ಯಾವ ಹಳ್ಳಿ ಬದುಕು ಕಳೆದುಕೊಂಡಿದೆ, ಯಾವುದು ಇಲ್ಲ? ಅದನ್ನು ತಟ್ಟೆ ಸೂಚ್ಯಂಕ ಹೇಳಬೇಕು. ನಾಲ್ಕು ಹಳ್ಳಿಗಳಲ್ಲಿ ಮೂರು ಪಟ್ಟಿಗೆ ಸೇರಿದವು. ನಾಲ್ಕನೆಯದು ಮೊರೊವೆನಿಂಗ್. ಅಲ್ಲಿ ಉಳಿದಿದ್ದ ಇಪ್ಪತ್ತಮೂರು ಮನೆಗಳಲ್ಲಿ ಇಪ್ಪತ್ತಮೂರರಲ್ಲೂ ತಟ್ಟೆಯ ಮೇಲೆ ಮೀನಿತ್ತು. ಮೊರೊವೆನಿಂಗ್ ವಿನಾರ್ನಿ ಹುಟ್ಟಿದ ಊರು. ಅಂಕಿ ಕೈಗೆ ಬಂದ ದಿನ, ನಮ್ಮೂರು ಹೇಗೋ ತಡೆದುಕೊಂಡಿದೆಯಲ್ಲಾ ಅಂತ ಅವಳು ಹಿರಿಹಿರಿ ಹಿಗ್ಗಿದ್ದಳು. ಪೆದ್ದಿ!

ಹಿರಬಯಾಶಿಯವರು ಚಿತ್ರ ತೋರಿಸುತ್ತಿದ್ದರು. ಮೊರೊವೆನಿಂಗಿನ ಆರನೇ ಮನೆ, ಏಳನೇ ಮನೆ, ಎಂಟನೇ ಮನೆ, ಮೂರೂ ಪಕ್ಕಪಕ್ಕದಲ್ಲಿ. ಮೂರರಲ್ಲೂ ಇಡಿಯಾಗಿ ಕರಿದ ಒಂದೊಂದು ಹಾಲುಮೀನು, ಕೊಳದಲ್ಲಿ ಸಾಕುವಂಥದ್ದು. ಮೂರಕ್ಕೂ ಬಾಲದ ಮೇಲಿನ ಎಸಳು ಮುರಿದಿತ್ತು. ವಿನಾರ್ನಿ ಕುರ್ಚಿಯಲ್ಲಿ ಮುಂದೆ ಬಾಗಿದಳು. ಮೀನಿನ ಕೆಳಗೆ ತಟ್ಟೆ ಕಾಣುತ್ತಿತ್ತು. ಬಿಳಿ ತಟ್ಟೆ, ಅಂಚಿನಲ್ಲಿ ಕೆಂಪು ಹುಂಜ, ಹುಂಜದ ಜುಟ್ಟಿನ ಹತ್ತಿರ ಅರ್ಧಚಂದ್ರದಷ್ಟು ಚೂರು ಹಾರಿಹೋಗಿತ್ತು. ಆ ಚೂರು ಹಾರಿಸಿದ್ದು ಅವಳೇ, ಒಂಬತ್ತನೇ ವಯಸ್ಸಿನಲ್ಲಿ, ಬಾವಿಕಟ್ಟೆಯ ಮೇಲೆ ತೊಳೆಯುವಾಗ. ಅದು ಅವಳ ಚಿಕ್ಕಮ್ಮ ಸುಮಿರಾಳ ತಟ್ಟೆ. ಸುಮಿರಾಳದ್ದು ಒಂದನೇ ಮನೆ.

ಸಭೆಯವರೆಲ್ಲ ಚಪ್ಪಾಳೆ ತಟ್ಟಿದರು. ವಿನಾರ್ನಿಯೂ ತಟ್ಟಿದಳು.

ಮಾರನೆಯ ಬೆಳಿಗ್ಗೆ ಅವಳು ಬೈಕು ಹತ್ತಿ ಊರಿಗೆ ಹೋದಳು. ರಸ್ತೆ ಮುಗಿದಲ್ಲಿ ಬೈಕು ಬಿಟ್ಟು, ಹಲಗೆ ಸಾಲಿನ ಮೇಲೆ ನಡೆದಳು. ಕೆಳಗೆ ಮೊದಲು ಕೊಳಗಳಿದ್ದ ಜಾಗದಲ್ಲಿ ಸಮುದ್ರ ನಿಂತಿತ್ತು. ಬದುಗಳ ಗುರುತಿಗೆ ಅಲ್ಲೊಂದು ಇಲ್ಲೊಂದು ಬಿದಿರು ಗೂಟ. ಸಮೀಕ್ಷೆಗೆ ಬಂದಾಗಲೂ ಇದೆಲ್ಲ ಇತ್ತು, ನೋಡಿಯೂ ಇದ್ದಳು. ಆದರೆ ಆಗ ಜೊತೆಗೆ ನಾಲ್ವರು ವಿದ್ಯಾರ್ಥಿಗಳು, ಹಿರಬಯಾಶಿಯವರು, ದಿನಕ್ಕೆ ನಾಲ್ಕು ಮನೆ ಮುಗಿಸಬೇಕೆಂಬ ಗಡಿಬಿಡಿ. ಮೀನಿದೆಯೇ ಅಂತ ನೋಡಿದ್ದಳೇ ಹೊರತು ತಟ್ಟೆ ಯಾವುದು ಅಂತ ನೋಡಿರಲಿಲ್ಲ. ಒಳಗಿನ ಕಡೆ ಇನ್ನೂ ಒಳ್ಳೆ ಕೊಳಗಳಿವೆ ಅಂತ ಊರವರು ಹೇಳಿದ್ದನ್ನು ನಂಬಿಬಿಟ್ಟಿದ್ದಳು.

ಸುಮಿರಾಳ ಮನೆಯ ನೆಲವನ್ನು ಮೂರು ಸಲ ಮಣ್ಣು ತುಂಬಿ ಎತ್ತರಿಸಿದ್ದರಿಂದ ಬಾಗಿಲು ಎದೆಯ ಮಟ್ಟಕ್ಕೆ ಬಂದಿತ್ತು. ವಿನಾರ್ನಿ ಬಗ್ಗಿ ಒಳಗೆ ಹೋಗಿ, ನಡುಮನೆ ದಾಟಿ ಅಡುಗೆಮನೆಗೇ ನುಗ್ಗಿದಳು. ಅಲ್ಲಿ ಚಿಕ್ಕಮ್ಮ ಒಲೆಯ ಮುಂದೆ ಹಲಗೆಯ ಮೇಲೆ ಕೂತು ಅನ್ನಕ್ಕೆ ಮೆಣಸಿನಕಾಯಿ ಖಾರ ಕಲಸಿಕೊಂಡು ತಿನ್ನುತ್ತಿದ್ದಳು. ಬರೀ ಖಾರ.

"ಅಯ್ಯೋ ಪುಟ್ಟೀ! ಹೇಳದೇ ಕೇಳದೇ ಬಂದ್ಬಿಟ್ಟೆಯಲ್ಲೇ. ಬಾ, ಕೂತ್ಕೊ. ಬಾಯಿ ತೆಗಿ."

ವಿನಾರ್ನಿಯ ತಾಯಿ ಸತ್ತಾಗ ಅವಳಿಗೆ ಐದು ವರ್ಷ. ಅವತ್ತಿನಿಂದ ಇದೇ ಹಲಗೆಯ ಮೇಲೆ, ಇದೇ ಕೈಯಿಂದ, ಇದೇ ಖಾರದನ್ನ ತಿಂದು ಬೆಳೆದವಳು ಅವಳು. ನಲವತ್ತೆರಡು ವರ್ಷದ ಉಪನ್ಯಾಸಕಿ ಬಾಯಿ ತೆರೆದಳು, ತುತ್ತು ನುಂಗಿದಳು, ಆಮೇಲೆ ಕೇಳಿದಳು.

"ಚಿಕ್ಕಮ್ಮ, ನಾವು ಬಂದಾಗ ಎಲ್ಲರ ಮನೇಲೂ ನಿನ್ನ ತಟ್ಟೆ ಹೇಗೆ ಬಂತು?"

ಸುಮಿರಾ ಮೊದಲು ಏನೂ ಗೊತ್ತಿಲ್ಲದವಳ ಹಾಗೆ ಮುಖ ಮಾಡಿದಳು. ಆಮೇಲೆ ಅವಳಿಗೇ ನಗು ತಡೆಯಲಾಗಲಿಲ್ಲ.

"ಗೊತ್ತಾಗ್ಬಿಡ್ತಾ? ನಾನು ಹೇಳ್ದೆ ಆ ಕಾಸ್ಮಿಜಾನ್‌ಗೆ, ತಟ್ಟೆಯಾದ್ರೂ ಬದಲಾಯ್ಸಪ್ಪಾ ಅಂತ. ಅವನ ಮನೇಲಿ ನೆಟ್ಟಗಿರೋ ತಟ್ಟೆ ಇದ್ರೆ ತಾನೆ!" ಕಾಸ್ಮಿಜಾನ್ ಅಂದರೆ ಪಕ್ಕದ ಮನೆಯ ಮುದುಕ, ಊರಿನ ಹಿರಿಯ. "ಪೇಟೆಯಿಂದ ಆರು ಮೀನು ತರಿಸಿದ್ವಿ ಕಣೆ. ನೀನು ಆರು ದಿನ ಬರ್ತೀಯ ಅಂದಿದ್ದೆಯಲ್ಲ, ದಿನಕ್ಕೊಂದು. ನಿಮ್ಮೋರು ಮುಂದಿನ ಬಾಗ್ಲಿಂದ ಹೊರಟ್ರೆ, ಮೀನು ಹಿಂದಿನ ಬಾಗ್ಲಿಂದ ಹೊರಡೋದು. ಒಂದ್ಸಲ ನಿಮ್ಮ ಜಪಾನಿನ ಯಜಮಾನ್ರು ಮರೆತ ಕನ್ನಡಕ ತಗೊಳ್ಳೋಕೆ ವಾಪಸ್ ಬಂದ್ರು ನೋಡು, ಕಾಸ್ಮಿಜಾನ್ ಸೊಸೆ ತಟ್ಟೆ ಮೇಲೇ ಸೆರಗು ಮುಚ್ಕೊಂಡು ಕೂತ್ಬಿಟ್ಳು!"

ನಮ್ಮ ಕಡೆ ಅತಿಥಿಯಾದವನು ಮೀನಿನ ಅಂಚಿನಲ್ಲಿ ಒಂದು ಚೂರು ಮುರಿದುಕೊಂಡು ಸಾಕು ಅನ್ನಬೇಕು. ಮನೆಯವರು ಇನ್ನೂ ತಿನ್ನಿ ಇನ್ನೂ ತಿನ್ನಿ ಅನ್ನಬೇಕು, ಅತಿಥಿ ಹೊಟ್ಟೆ ತುಂಬಿತು ಅಂತ ಎದೆಯ ಮೇಲೆ ಕೈ ಇಟ್ಟುಕೊಳ್ಳಬೇಕು. ಇಡೀ ಮೀನು ತಿನ್ನುವ ಅತಿಥಿಯನ್ನು ಯಾರೂ ಕಂಡಿಲ್ಲ. ಇದು ವಿನಾರ್ನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ತಟ್ಟೆ ನೋಡಿ ಅಂದಳು. ತಾನು ಅತಿಥಿ ಅನ್ನುವುದೇ ಅವಳ ತಲೆಗೆ ಹೊಳೆದಿರಲಿಲ್ಲ. ತನ್ನೂರಿಗೆ ತಾನು ಹೋಗುತ್ತಿದ್ದೇನೆ ಅಂದುಕೊಂಡಿದ್ದಳು. ಊರವರ ಕಣ್ಣಿಗೆ ಬಂದದ್ದು ವಿಶ್ವವಿದ್ಯಾಲಯದ ಕಾರು.

"ಯಾಕೆ ಹೀಗೆ ಮಾಡಿದ್ರಿ ಚಿಕ್ಕಮ್ಮ?" ಅವಳು ಕೇಳಿದಳು. "ಊಟಕ್ಕೆ ಇಲ್ಲ ಅಂತ ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳೋಕೇನೋ ಹೇಳ್ಬಹುದಿತ್ತು." ಸುಮಿರಾ ತಟ್ಟೆಯಲ್ಲಿ ಬೆರಳಾಡಿಸಿದಳು. "ನಮ್ಮ ಮರ್ಯಾದೆಗೆ ಅಲ್ಲ ಕಣೆ, ನಿನ್ನ ಮರ್ಯಾದೆಗೆ. ಮೊರೊವೆನಿಂಗಿನ ಹುಡುಗಿ ಅಷ್ಟು ದೊಡ್ಡವರನ್ನ ಕರ್ಕೊಂಡು ತನ್ನೂರಿಗೆ ಬಂದ್ಲು, ಬರೀ ನೀರು ಕೊಟ್ಟು ಕಳಿಸಿದ್ರು ಅಂತ ಆಗ್ಬೇಕಿತ್ತಾ? ನಾಳೆ ನಿನ್ನ ಕೆಲಸದ ಜಾಗದಲ್ಲಿ ನಿನ್ನ ಆಡ್ಕೊಳ್ತಿರ್ಲಿಲ್ವಾ?"

ವಿನಾರ್ನಿ ಪಟ್ಟಿಯ ಸಂಗತಿ ಹೇಳಿದಳು. ಸಮುದ್ರ ಇನ್ನೆರಡು ಮಳೆಗಾಲ ಕಳೆದರೆ ಈ ಬಾಗಿಲಿನೊಳಗೂ ಬರುತ್ತದೆ, ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಎಲ್ಲಿಗೂ ಸಾಗಿಸುವುದಿಲ್ಲ, ನಿಜ ಹೇಳಲೇಬೇಕು ಅಂದಳು. ಸುಮಿರಾ ನಿಧಾನವಾಗಿ ಕೈ ತೊಳೆದುಕೊಂಡಳು.

"ಏನು ಅಂತ ಹೇಳ್ತೀಯ? ಮೊರೊವೆನಿಂಗಿನೋರು ಒಂದು ಮೀನನ್ನ ನಾಲ್ಕು ಮನೆಗೆ ತಿರುಗಿಸಿದ್ರು ಅಂತಾನಾ? ಅದನ್ನ ಕಾಗದದಲ್ಲಿ ಬರೀತೀಯಾ?"

"ಬರೀಬೇಕು ಚಿಕ್ಕಮ್ಮ."

"ಬೇಡ ಪುಟ್ಟೀ. ನೀರು ಬಂದ್ರೆ ಬರ್ಲಿ. ಹೆಸರು ಕೆಡೋದು ಬೇಡ."

ಆದರೂ ಅವಳು ಬರೆದಳು. ಹಿರಬಯಾಶಿಯವರು ಕಾಗದವನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಒಳ್ಳೆಯ ಮನುಷ್ಯ. "ನಾನೂ ತಿಂದೆನಲ್ಲ ಆ ಮೀನನ್ನ," ಅಂದರು ಕೊನೆಗೆ, "ಎಷ್ಟು ಚೆನ್ನಾಗಿತ್ತು ಅಂತ ಬೇರೆ ಹೇಳಿದೆ." ತಟ್ಟೆ ಸೂಚ್ಯಂಕದ ಮೇಲೆ ಇಬ್ಬರೂ ಸೇರಿ ಬರೆದಿದ್ದ ಲೇಖನವನ್ನು ವಾಪಸು ತೆಗೆದುಕೊಳ್ಳುವುದೆಂದಾಯಿತು. ಲೇಖನ ಹೋದ ಮೇಲೆ ವಿನಾರ್ನಿಯ ಜಪಾನ್ ವರ್ಷವೂ ಹೋಯಿತು. ಅದಕ್ಕಾಗಿ ಅವಳು ಒಂದು ಹನಿ ಕಣ್ಣೀರೂ ಹಾಕಲಿಲ್ಲ. ಅವಳ ಜೀವವೆಲ್ಲ ಪಟ್ಟಿಯ ಮೇಲೆ ಇತ್ತು.

ಪಟ್ಟಿಯ ಅಧಿಕಾರಿ ಸುದಿಬ್ಯೊ ಅಂತ, ಪ್ರಾಂತ್ಯದ ಯೋಜನಾ ಕಚೇರಿಯವನು. ದಪ್ಪ ಮೀಸೆ, ಸದಾ ಬೆವರುವ ಹಣೆ, ಕೆಟ್ಟವನೇನಲ್ಲ.

"ಮೇಡಂ, ಹೋದ ತಿಂಗಳು ಮೀನಿದೆ ಅಂದ್ರಿ, ಈ ತಿಂಗಳು ಇಲ್ಲ ಅಂತೀರಿ. ನಿಮ್ಮದೇ ಊರು ಬೇರೆ. ನಾನು ಮೇಲಿನೋರಿಗೆ ಏನಂತ ಬರೀಲಿ?"

"ನೀರು ನಿಂತಿರೋದು ಕಾಣ್ಸೋದಿಲ್ವಾ ನಿಮಗೆ?"

"ನೀರು ಎಲ್ಲ ಕಡೆಗೂ ನಿಂತಿದೆ ಮೇಡಂ, ನನ್ನ ಮಾವನ ಮನೇಲೂ ನಿಂತಿದೆ. ಬದುಕು ನಡೀತಿದೆಯಾ ಇಲ್ವಾ ಅನ್ನೋದಷ್ಟೇ ನನ್ನ ಫಾರಂನಲ್ಲಿರೋದು. ಒಂದು ಕೆಲಸ ಮಾಡೋಣ. ನಾನೇ ಬಂದು ಐದು ಮನೆ ನೋಡ್ತೀನಿ. ನೀವೂ ನಿಮ್ಮ ಜಪಾನಿನ ಪ್ರೊಫೆಸರೂ ಬನ್ನಿ. ಕಂಡಿದ್ದನ್ನ ಬರ್ಕೊಂಡು ಹೋಗ್ತೀನಿ, ಅಲ್ಲಿಗೆ ಮುಗೀತು."

ವಿನಾರ್ನಿ ಮತ್ತೆ ಊರಿಗೆ ಓಡಿದಳು. ಚಿಕ್ಕಮ್ಮನ ಕಾಲು ಹಿಡಿದುಕೊಳ್ಳುವುದೊಂದು ಬಾಕಿ. ಏನೂ ಕೊಡಬೇಡಿ, ನೀರೂ ಬೇಡ, ತಣ್ಣಗಿನ ಒಲೆ ತೋರಿಸಿ ಸಾಕು, ಇನ್ನೊಂದು ಅವಕಾಶ ಸಿಗೋದಿಲ್ಲ ಅಂತ ಬೇಡಿಕೊಂಡಳು. ಕಾಸ್ಮಿಜಾನ್ ಮುದುಕನೂ ಬಂದು ಕೂತಿದ್ದ. ಇಬ್ಬರೂ ತಲೆಯಾಡಿಸಿದರು. "ಆಯ್ತಮ್ಮಾ," ಅಂದ ಮುದುಕ. "ಆಯ್ತು ಬಿಡು," ಅಂದಳು ಸುಮಿರಾ. ಹಿರಿಯರು ಇಷ್ಟು ಬೇಗ ಒಪ್ಪಿದಾಗಲೇ ಅವಳಿಗೆ ಅನುಮಾನ ಬರಬೇಕಿತ್ತು. ನಮ್ಮ ಜನ ಬೇಡ ಅನ್ನುವುದನ್ನು ಬಾಯಿಬಿಟ್ಟು ಹೇಳುವವರಲ್ಲ.

ಗುರುವಾರ ಮಸೀದಿಯಲ್ಲಿ ಮಧ್ಯಾಹ್ನದ ಬಾಂಗ್ ಮುಗಿದ ಮೇಲೆ ಮೂವರೂ ಹಲಗೆ ಸಾಲು ದಾಟಿ ಬಂದರು. ಸುದಿಬ್ಯೊ ಎರಡು ಸಲ ಜಾರಿ, ಎರಡು ಸಲವೂ ಹಿರಬಯಾಶಿಯವರ ಭುಜ ಹಿಡಿದುಕೊಂಡ. ಒಂದನೇ ಮನೆ ಸುಮಿರಾಳದ್ದೇ. ನಡುಮನೆಯಲ್ಲಿ ಒಗೆದ ಚಾಪೆ ಹಾಸಿತ್ತು. ಸುಮಿರಾ ಹಬ್ಬದ ದಿನ ಹಾಕುವ ಹಸಿರು ಕುಪ್ಪಸ ತೊಟ್ಟಿದ್ದಳು. ಚಾಪೆಯ ನಡುವೆ ಅನ್ನ, ಒಂದು ಬಟ್ಟಲು ಖಾರ, ಹುಂಜದ ತಟ್ಟೆ, ತಟ್ಟೆಯ ಮೇಲೆ ಹೊಂಬಣ್ಣಕ್ಕೆ ಕರಿದ ಇಡೀ ಹಾಲುಮೀನು.

ವಿನಾರ್ನಿ ಚಿಕ್ಕಮ್ಮನ ಮುಖ ನೋಡಿದಳು. ಚಿಕ್ಕಮ್ಮ ನೋಡಲಿಲ್ಲ.

"ಏನೂ ಇಲ್ಲ ಸ್ವಾಮಿ, ಬಡವರ ಮನೆ, ಹೀಗೇ ಎರಡು ತುತ್ತು," ಅಂದಳು ಸುಮಿರಾ ಸುದಿಬ್ಯೊಗೆ.

ಸುದಿಬ್ಯೊ ಕೈ ತೊಳೆದು, ಮೀನಿನ ಅಂಚಿನಲ್ಲಿ ಕಡ್ಡಿಯಷ್ಟು ಮುರಿದು ಬಾಯಿಗೆ ಹಾಕಿಕೊಂಡ. ಹಿರಬಯಾಶಿಯವರೂ ಅಷ್ಟೇ ಮುರಿದರು. ಸುದಿಬ್ಯೊ ಎದೆಯ ಮೇಲೆ ಕೈ ಇಟ್ಟುಕೊಂಡು ಸಾಕು ಅಂದ, ವಿನಾರ್ನಿಯ ಕಡೆ ತಿರುಗಿ ಮೆಲ್ಲಗೆ ಕೇಳಿದ.

"ಇದು ಮೀನಲ್ದೆ ಇನ್ನೇನು ಮೇಡಂ?" ಅವನ ಕೈ ಜೇಬಿನ ಪೆನ್ನಿಗೆ ಹೋಗಿತ್ತು.

ಹಿಂದಿನ ಬಾಗಿಲು ಅರ್ಧ ತೆರೆದಿತ್ತು. ಅದರಾಚೆ, ಹಲಗೆಯ ಮೇಲೆ, ಕಾಸ್ಮಿಜಾನನ ಸೊಸೆ ಕೈಯಲ್ಲಿ ಒಂದು ಬಟ್ಟೆ ಹಿಡಿದು ನಿಂತಿದ್ದಳು. ತಟ್ಟೆ ಬರುವುದನ್ನು ಕಾಯುತ್ತಿದ್ದಳು. ಎರಡನೇ ಮನೆ ಅವರದೇ.

ವಿನಾರ್ನಿ ಹುಂಜದ ತಟ್ಟೆಯನ್ನು ತನ್ನ ಮುಂದಕ್ಕೆ ಎಳೆದುಕೊಂಡಳು.

ಮೊದಲು ಹೊಟ್ಟೆಯ ಭಾಗ ತಿಂದಳು. ಸುದಿಬ್ಯೊ ನಕ್ಕ. "ಮೇಡಂಗೆ ಊರಿನ ಮೀನು ಅಂದ್ರೆ ಪ್ರಾಣ ಅಂತ ಕಾಣತ್ತೆ." ಅವಳು ತಲೆಯೆತ್ತಲಿಲ್ಲ. ಬೆನ್ನಿನ ಭಾಗ ತಿಂದಳು. ಹಾಲುಮೀನಿಗೆ ಮೈಯೆಲ್ಲ ಮುಳ್ಳು. ಆರಿಸಿ ತಿನ್ನುವುದಕ್ಕೆ ತಾಳ್ಮೆ ಬೇಕು, ಅವಳು ಆರಿಸಲಿಲ್ಲ. ಸುದಿಬ್ಯೊನ ನಗು ನಿಂತಿತು. ಹಿರಬಯಾಶಿಯವರಿಗೆ ಅರ್ಥವಾಗಿತ್ತು, ಅವರು ತಮ್ಮ ಮೊಣಕಾಲು ನೋಡುತ್ತಾ ಕೂತರು.

"ಇನ್ನೂ... ಇನ್ನೂ ತಿನ್ನಮ್ಮಾ," ಅಂದಳು ಸುಮಿರಾ. ಅನ್ನಲೇಬೇಕಿತ್ತು. ಮನೆಯವಳಾದವಳು ಬೇರೆ ಮಾತಾಡುವ ಹಾಗಿರಲಿಲ್ಲ. ವಿನಾರ್ನಿ ಮೀನನ್ನು ಮಗುಚಿ ಹಾಕಿದಳು. ಅತಿಥಿಯಾದವರು ಮೀನು ಮಗುಚುವುದೇ?

"ಇನ್ನೂ ತಿನ್ನು," ಅಂದಳು ಸುಮಿರಾ ಮತ್ತೆ, ದನಿ ಸಣ್ಣದಾಗಿತ್ತು.

ವಿನಾರ್ನಿ ತಿಂದಳು. ತಲೆ ಮುರಿದು ತಿಂದಳು, ಕೆನ್ನೆಯ ಮಾಂಸ ತಿಂದಳು, ಬಾಲವನ್ನೂ ಅಗಿದಳು. ಗಂಟಲಿಗೆ ಮುಳ್ಳು ಚುಚ್ಚಿ ಕಣ್ಣಲ್ಲಿ ನೀರು ಬಂತು. ಖಾರ ಜಾಸ್ತಿ ಅಂದಳು ಯಾರೂ ಕೇಳದಿದ್ದರೂ. ತಟ್ಟೆಯಲ್ಲಿ ನಡುಮುಳ್ಳೊಂದು ಉಳಿಯಿತು, ಅದರ ಕೆಳಗೆ ಜುಟ್ಟು ಹಾರಿದ ಹುಂಜ. ಬಾಗಿಲಾಚೆ ನಿಂತಿದ್ದ ಹೆಂಗಸು ಬಟ್ಟೆಯನ್ನು ಮಡಚಿ ಇಟ್ಟುಕೊಂಡು ಬರಿಗೈಯಲ್ಲಿ ಹಿಂತಿರುಗಿದಳು.

ಸುಮಿರಾ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅವರು ಹೊರಡುವಾಗ ಬಾಗಿಲಿಗೆ ಬರಲಿಲ್ಲ.

ಕಾಸ್ಮಿಜಾನನ ಮನೆಯಲ್ಲಿ ಚಾಪೆ ಹಾಸಿತ್ತು. ಚಾಪೆಯ ಮೇಲೆ ಮೂರು ಲೋಟ ಬಿಸಿನೀರು, ಮತ್ತೇನಿಲ್ಲ. ಮುದುಕ ಕೈಕೈ ಹೊಸಕಿಕೊಂಡ. "ಇವತ್ತು ಮೀನು... ಸ್ವಲ್ಪ ತಡ ಆಯ್ತು ಸ್ವಾಮಿ," ಅಂದು ನಗಲು ಹೋದ, ನಗು ಬರಲಿಲ್ಲ. ಸುದಿಬ್ಯೊ ಸುತ್ತ ನೋಡಿದ, ಆಮೇಲೆ ಎದ್ದು ಅಡುಗೆಮನೆಗೆ ಹೋದ. ಒಲೆ ತಣ್ಣಗಿತ್ತು. ಪಾತ್ರೆಯಲ್ಲಿ ಬೇಯಿಸಿದ ಮರಗೆಣಸಿನ ಎರಡು ತುಂಡಿದ್ದವು. ಪಾತ್ರೆಯನ್ನು ಮತ್ತೆ ಮುಚ್ಚಿ ಬಂದು, ಅವನು ಲೋಟ ಎತ್ತಿ ಬಿಸಿನೀರನ್ನು ಪೂರ್ತಿ ಕುಡಿದ. ಮೂರನೇ ಮನೆಯಲ್ಲೂ ನೀರೇ, ನಾಲ್ಕನೆಯದರಲ್ಲೂ ನೀರೇ. ಐದನೇ ಮನೆಯವರು ಬಾಗಿಲು ತೆಗೆಯಲಿಲ್ಲ, ಒಳಗೆ ಯಾರೋ ಬಿಕ್ಕುವುದು ಕೇಳುತ್ತಿತ್ತು. ಸುದಿಬ್ಯೊ ಹಲಗೆಯ ಮೇಲೆ ನಿಂತೇ ಫಾರಂ ತುಂಬಿದ.

ಮೊರೊವೆನಿಂಗ್ ಪಟ್ಟಿಗೆ ಸೇರಿತು. ಎಂಟು ತಿಂಗಳಲ್ಲಿ ಇಪ್ಪತ್ತಮೂರು ಮನೆಯವರನ್ನೂ ಒಳನಾಡಿಗೆ, ಕಬ್ಬಿನ ಗದ್ದೆಗಳ ಪಕ್ಕದ ಹೊಸ ಸಾಲುಮನೆಗಳಿಗೆ ಸಾಗಿಸಿದರು. ಆ ಎಂಟು ತಿಂಗಳೂ ಸುಮಿರಾ ಫೋನು ಎತ್ತಲಿಲ್ಲ. ಈದ್ ಹಬ್ಬಕ್ಕೆ ವಿನಾರ್ನಿ ಹೋದಾಗ, ಚಿಕ್ಕಮ್ಮ ಮನೆಯಲ್ಲಿಲ್ಲ ಅಂತ ಕಾಸ್ಮಿಜಾನನ ಸೊಸೆ ಹೊರಗೇ ಹೇಳಿದಳು. ಒಳಗೆ ಒಲೆ ಊದುವ ಸದ್ದು ಕೇಳುತ್ತಿತ್ತು.

ಸ್ಥಳಾಂತರವಾದ ಮೂರನೇ ವಾರ ವಿನಾರ್ನಿ ಹೊಸ ಊರಿಗೆ ಹೋದಳು. ನೆಲ ಗಟ್ಟಿಯಾಗಿತ್ತು, ಬಾಗಿಲು ಆಳುದ್ದ ಇತ್ತು, ಬಗ್ಗಬೇಕಾಗಿರಲಿಲ್ಲ. ಅಭ್ಯಾಸಬಲದಿಂದ ಬಗ್ಗಿದಳು.

"ಬನ್ನಿ, ಬನ್ನಿ," ಅಂದಳು ಸುಮಿರಾ. ಹಸಿರು ಕುಪ್ಪಸ ತೊಟ್ಟಿದ್ದಳು.

"ಚಿಕ್ಕಮ್ಮ..."

"ಕೂತ್ಕೊಳ್ಳಿ ಮೇಡಂ. ದೂರದಿಂದ ಬಂದಿದ್ದೀರಿ." ಪ್ಲಾಸ್ಟಿಕ್ ಕುರ್ಚಿಯನ್ನು ಸೆರಗಿನಿಂದ ಒರೆಸಿ ಕೊಟ್ಟಳು.

ವಿನಾರ್ನಿ ಕೂರದೆ ಅಡುಗೆಮನೆಯ ಕಡೆ ಹೋದಳು. ಸುಮಿರಾ ಅವಳಿಗಿಂತ ಮೊದಲೇ ಹೋಗಿ ಬಾಗಿಲಿನಲ್ಲಿ ನಿಂತಳು, ಜಗಳಕ್ಕಲ್ಲ, ಮುಖದ ಮೇಲೆ ನಗುವನ್ನೂ ಇಟ್ಟುಕೊಂಡಿದ್ದಳು.

"ಒಳಗೆ ಗಲೀಜು. ನಿಮ್ಮಂಥೋರು ಬರೋ ಜಾಗ ಅಲ್ಲ. ಅಲ್ಲೇ ಕೂತ್ಕೊಳ್ಳಿ, ತರ್ತೀನಿ."

"ಚಿಕ್ಕಮ್ಮ, ಬೈದುಬಿಡು. ಹೊಡಿ ಬೇಕಾದ್ರೆ. ಹೀಗೆ ಮಾಡ್ಬೇಡ. ನಾನಿನ್ನೇನು ಮಾಡ್ಬೇಕಿತ್ತು ಹೇಳು?"

"ಅಯ್ಯೋ, ಬೈಯೋದೇನು ಬಂತು. ನಿಮ್ಮಿಂದ ಊರೇ ಉಳೀತು. ಎಲ್ಲರೂ ಹೇಳ್ತಾರೆ."

ವಿನಾರ್ನಿ ಬಂದು ಕುರ್ಚಿಯ ಮೇಲೆ ಕೂತಳು. ಸ್ವಲ್ಪ ಹೊತ್ತಿನಲ್ಲಿ ಸುಮಿರಾ ಅನ್ನ ತಂದಿಟ್ಟಳು, ಖಾರ ತಂದಿಟ್ಟಳು, ಹುಂಜದ ತಟ್ಟೆಯಲ್ಲಿ ಇಡಿಯಾಗಿ ಕರಿದ ಹಾಲುಮೀನು ತಂದಿಟ್ಟಳು. ವಿನಾರ್ನಿ ಅಂಚಿನಲ್ಲಿ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, ಎದೆಯ ಮೇಲೆ ಕೈ ಇಟ್ಟುಕೊಂಡಳು.

"ಅಷ್ಟೇನಾ? ಇನ್ನೂ ತಿನ್ನಿ," ಅಂದಳು ಸುಮಿರಾ. "ಪೂರ್ತಿ ತಿನ್ನಿ ಮೇಡಂ. ಇಲ್ಲಿ ಪಕ್ಕದ ಮನೆಗೆ ಕಳಿಸೋದೇನೂ ಇಲ್ಲ."

ಹಾಗಂದು ಅವಳು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ವಿನಾರ್ನಿ ತಟ್ಟೆಯ ಮುಂದೆ ಕೂತೇ ಇದ್ದಳು. ಅಡುಗೆಮನೆಯಲ್ಲಿ ಚಿಕ್ಕಮ್ಮ ಹಲಗೆ ಎಳೆದುಕೊಂಡು ಕೂತದ್ದು, ಖಾರ ಕಲಸಿದ ಅನ್ನವನ್ನು ಒಬ್ಬಳೇ ತಿನ್ನುತ್ತಿದ್ದದ್ದು ಅವಳಿಗೆ ಕೇಳುತ್ತಿತ್ತು.